ಓದುಗರ ಪ್ರಶ್ನೆ: ಮಲಕ್ಕಾ ಬಿದ್ದ ಮೇಲೆ ಸುಲ್ತಾನರು ಒಂದಾಗಲಿಲ್ಲವೇಕೆ?

ಪ್ರಶ್ನೆ: ಪೋರ್ಚುಗೀಸರು 1511ರಲ್ಲಿ ಮಲಯ ಪರ್ಯಾಯ ದ್ವೀಪದ ಬಂದರಾದ ಮಲಕ್ಕಾವನ್ನು ಹಿಡಿದು ಸುಮಾರು 130 ವರ್ಷ ಉಳಿಸಿಕೊಂಡರು ಎಂದು ಓದಿದ್ದೇನೆ. ಕೋಟೆಯೊಳಗಿದ್ದವರು ಸ್ವಲ್ಪವೇ ಜನ, ಸುತ್ತಲಿದ್ದವರೆಲ್ಲ ಒಂದೇ ಧರ್ಮದ, ಮಲಯ ನುಡಿಯ ಆಸ್ಥಾನಗಳ ಸುಲ್ತಾನರು. ಅವರು ಕೂಡಿಕೊಂಡು ಪರದೇಶದವರನ್ನು ಏಕೆ ಓಡಿಸಲಿಲ್ಲ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಪೋರ್ಚುಗೀಸರೇ ಎಲ್ಲರಿಗೂ ಮೊದಲ ಶತ್ರುಗಳಾಗಿದ್ದರೆಂದು ನೀವು ಎಣಿಸಿದ್ದೀರಿ. ಇಷ್ಟು ಶತಮಾನಗಳ ಈಚೆಗೆ ಕುಳಿತವರಿಗೆ ಹಾಗೆ ಕಾಣುವುದು ಸಹಜವೇ. ಆದರೆ ಆ ಕಾಲದ ಸುಲ್ತಾನರ ತಲೆಯಲ್ಲಿದ್ದ ಪ್ರಶ್ನೆ ಬೇರೆ: ಮಲಕ್ಕಾದ ಹಿರಿಮೆಗೂ ಅದರ ವ್ಯಾಪಾರಕ್ಕೂ ಇನ್ನು ಮುಂದೆ ವಾರಸುದಾರರು ಯಾರು? ಇದಕ್ಕೆ ಇಬ್ಬರು ಪ್ರಬಲ ಹಕ್ಕುದಾರರಿದ್ದರು. ಕೋಟೆಯಲ್ಲಿದ್ದ ಪೋರ್ಚುಗೀಸರು ಆ ವ್ಯಾಜ್ಯದಲ್ಲಿ ಮೂರನೆಯವರು.

ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್ 1510ರಲ್ಲಿ ನಿಮ್ಮ ಹೊನ್ನಾವರದ ತಿಮ್ಮಯ್ಯನ (ಪೋರ್ಚುಗೀಸರ ಬರಹಗಳಲ್ಲಿ ಬರುವ ತಿಮೋಜ) ನೆರವು ಪಡೆದು ಆದಿಲ್‌ಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡು, ಮರುವರ್ಷವೇ ಮಲಕ್ಕಾದ ಮೇಲೆ ಏರಿಹೋದ. ಊರನ್ನು ಕಳೆದುಕೊಂಡ ಸುಲ್ತಾನ್ ಮಹಮೂದ್ ಷಾ ಬಿಂತಾನ್ ದ್ವೀಪದಲ್ಲಿ ನೆಲೆ ಮಾಡಿಕೊಂಡು ಮತ್ತೆ ಮತ್ತೆ ಮಲಕ್ಕಾವನ್ನು ಕಾಡಿದ. 1526ರಲ್ಲಿ ಪೋರ್ಚುಗೀಸರು ಆ ನೆಲೆಯನ್ನೂ ನಾಶ ಮಾಡಿದ ಮೇಲೆ ಸುಮಾತ್ರಾದ ಕಂಪಾರ್‌ಗೆ ಹೋಗಿ, 1528ರಲ್ಲಿ ಅಲ್ಲಿಯೇ ತೀರಿಕೊಂಡ. ಅವನ ಮಕ್ಕಳಲ್ಲಿ ಒಬ್ಬನಿಂದ ಪೆರಾಕ್ ಮನೆತನ, ಇನ್ನೊಬ್ಬನಿಂದ ಪರ್ಯಾಯ ದ್ವೀಪದ ದಕ್ಷಿಣ ತುದಿಯ ಜೊಹೊರ್ ಮನೆತನ ಬೆಳೆದವು. ಹೀಗಾಗಿ ರಕ್ತಸಂಬಂಧದ ಹಕ್ಕು ಜೊಹೊರ್‌ನದು.

ಎರಡನೆಯ ಹಕ್ಕುದಾರ ಸುಮಾತ್ರಾದ ಉತ್ತರ ತುದಿಯ ಅಚೆ ರಾಜ್ಯ. (ಇದನ್ನು 'ಆಚೆ' ಎಂದು ಬರೆಯುವ ರೂಢಿಯೂ ಇದೆ, ಕನ್ನಡದಲ್ಲಿ ಅದು 'ಆಚೆ ಈಚೆ'ಯ ಗೊಂದಲಕ್ಕೆ ಎಡೆಮಾಡುವುದರಿಂದ ಇಲ್ಲಿ ಹ್ರಸ್ವವನ್ನೇ ಇಟ್ಟುಕೊಂಡಿದ್ದೇನೆ.) ಅದರ ಬಳಿ ಹಳೆಯ ವಂಶಾವಳಿ ಇರಲಿಲ್ಲ, ಮೆಣಸು ಇತ್ತು. ಪೋರ್ಚುಗೀಸರ ಮಲಕ್ಕಾಕ್ಕೆ ಹೋಗಲೊಲ್ಲದ ಮುಸಲ್ಮಾನ ವರ್ತಕರು ಅಚೆಯ ಬಂದರಿಗೆ ಬರತೊಡಗಿದರು, ಅಲ್ಲಿಂದ ಮೆಣಸು ನೇರವಾಗಿ ಕೆಂಪು ಸಮುದ್ರದ ಕಡೆಗೆ ಸಾಗತೊಡಗಿತು. 1524ರಲ್ಲಿ ಪಾಸೈ ಕೋಟೆಯಿಂದ ಪೋರ್ಚುಗೀಸರನ್ನು ಹೊರದಬ್ಬಿದ್ದು ಇದೇ ಅಚೆ. ಧರ್ಮದ ಹೆಸರಿನಲ್ಲಿ ಅದು ಆಟೋಮನ್ ತುರ್ಕರ ನೆರವನ್ನೂ ಕೇಳಿತು, 1568ರಲ್ಲಿ ತುರ್ಕ ಫಿರಂಗಿಗಾರರನ್ನು ಜೊತೆಗಿಟ್ಟುಕೊಂಡು ಮಲಕ್ಕಾಕ್ಕೆ ಮುತ್ತಿಗೆಯನ್ನೂ ಹಾಕಿತು. ಆದರೆ ಅದಕ್ಕೆ ನಾಲ್ಕು ವರ್ಷ ಮೊದಲು, 1564ರಲ್ಲಿ, ಇದೇ ಅಚೆಯ ಸುಲ್ತಾನ ಜೊಹೊರ್‌ನ ರಾಜಧಾನಿಯನ್ನು ಹಾಳುಗೆಡವಿ ಅಲ್ಲಿನ ಸುಲ್ತಾನನನ್ನು ಸೆರೆಹಿಡಿದು ಒಯ್ದಿದ್ದ, ಹಾಗೆ ಸೆರೆಹೋದವನು ಮರಳಲಿಲ್ಲ. ಇಂಥ ನೆರೆಯವನ ಪಕ್ಕದಲ್ಲಿ ನಿಂತು ಪೋರ್ಚುಗೀಸರ ಮೇಲೆ ಯುದ್ಧ ಮಾಡಿರೆಂದರೆ ಜೊಹೊರ್‌ನವರು ಹೇಗೆ ಒಪ್ಪಿಯಾರು?

ಯುದ್ಧದ ಸ್ವರೂಪವನ್ನೂ ಸ್ವಲ್ಪ ಗಮನಿಸಬೇಕು. ಜೊಹೊರ್‌ನ ರಾಜಧಾನಿಗಳು ಜೊಹೊರ್ ನದಿಯ ದಡದಲ್ಲಿ ಬಹುಮಟ್ಟಿಗೆ ಮರ, ಬಿದಿರು, ಗರಿಗಳಿಂದ ಎದ್ದ ಊರುಗಳು. 1587ರಲ್ಲಿ ಪೋರ್ಚುಗೀಸರು, 1613ರಲ್ಲಿ ಅಚೆಯವರು, 1673ರಲ್ಲಿ ಸುಮಾತ್ರಾದ ಜಾಂಬಿ ರಾಜ್ಯದವರು ಒಬ್ಬರಾದ ಮೇಲೊಬ್ಬರಂತೆ ಬಂದು ಅವನ್ನು ಹಾಳುಮಾಡಿದರು. ಪ್ರತಿ ಸಲವೂ ಆಸ್ಥಾನ ನದಿಯ ಮೇಲಕ್ಕೋ ದ್ವೀಪಗಳ ಕಡೆಗೋ ಸರಿದು ಮತ್ತೊಂದು ಊರನ್ನು ಕಟ್ಟಿಕೊಂಡಿತು. ಊರು ಸುಟ್ಟರೆ ರಾಜ್ಯ ಸುಡುತ್ತಿರಲಿಲ್ಲ. ಏಕೆಂದರೆ ರಾಜ್ಯವೆಂದರೆ ಅಲ್ಲಿ ನೆಲಕ್ಕಿಂತ ಹೆಚ್ಚಾಗಿ ಜನ: ಅರಸು, ಅವನನ್ನು ನಂಬಿದ ಪ್ರಧಾನರು, ದೋಣಿಗಳಲ್ಲೇ ಬದುಕುವ 'ಒರಾಂಗ್ ಲಾವುತ್' ಎಂಬ ಸಮುದ್ರವಾಸಿಗಳು. ಮಲಕ್ಕಾ ಜಲಸಂಧಿಯ ಮರಳುದಿಬ್ಬ, ಸೆಳವುಗಳನ್ನೆಲ್ಲ ಬಲ್ಲ ಈ ಜನ ತಮ್ಮ ಅರಸನ ಬಂದರಿಗೆ ಬರುವ ಹಡಗಿಗೆ ದಾರಿ ತೋರುತ್ತಿದ್ದರು, ಬೇರೆ ಬಂದರಿಗೆ ಹೊರಟದ್ದನ್ನು ದೋಚುತ್ತಿದ್ದರು.

ಜನರೇ ಸಂಪತ್ತಾದ್ದರಿಂದ ಗೆದ್ದವನು ಜನರನ್ನೇ ಹೊತ್ತೊಯ್ಯುತ್ತಿದ್ದ. ಅಚೆಯ ಇಸ್ಕಂದರ್ ಮುಡಾ (ಆಳ್ವಿಕೆ 1607–1636) 1617ರಲ್ಲಿ ಪಹಾಂಗ್, 1619ರಲ್ಲಿ ಕೆಡಾ, 1620ರಲ್ಲಿ ತವರ ಲೋಹದ ನಾಡಾದ ಪೆರಾಕ್‌ಗಳನ್ನು ಗೆದ್ದು ಸೆರೆಯಾಳುಗಳನ್ನು ಸಾಲುಸಾಲಾಗಿ ತನ್ನ ರಾಜಧಾನಿಗೆ ತಂದ. ಪಹಾಂಗ್‌ನಿಂದ ಹಾಗೆ ಬಂದ ಒಬ್ಬ ರಾಜಕುಮಾರ ಮುಂದೆ ಅವನ ಅಳಿಯನಾಗಿ, 1636ರಲ್ಲಿ ಇಸ್ಕಂದರ್ ಥಾನಿ ಎಂಬ ಹೆಸರಿನಿಂದ ಅಚೆಯ ಸಿಂಹಾಸನವನ್ನೇ ಏರಿದ. 1613ರಲ್ಲಿ ಸೆರೆಯಾದ ಜೊಹೊರ್ ಸುಲ್ತಾನನ ತಮ್ಮನಿಗೂ ಇಸ್ಕಂದರ್ ಮುಡಾ ತನ್ನ ತಂಗಿಯನ್ನು ಕೊಟ್ಟು, ಅವನನ್ನೇ ಸುಲ್ತಾನನನ್ನಾಗಿ ಮಾಡಿ ಜೊಹೊರ್‌ಗೆ ಕಳುಹಿಸಿದ್ದ. ಆ ನೆಂಟಸ್ತನ ಬಹುಕಾಲ ಬಾಳಲಿಲ್ಲ.

ನಿಮ್ಮ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ 1629ರ ಕದನದಲ್ಲಿದೆ. ಆ ವರ್ಷ ಇಸ್ಕಂದರ್ ಮುಡಾ ಇನ್ನೂರಕ್ಕೂ ಹೆಚ್ಚು ಹಡಗುಗಳನ್ನೂ ಸುಮಾರು 20 ಸಾವಿರ ಜನರನ್ನೂ ಮಲಕ್ಕಾದ ಮೇಲೆ ಕಳುಹಿಸಿದ. ಕೋಟೆ ಇನ್ನೇನು ಬೀಳುತ್ತದೆ ಎನ್ನುವಾಗ ಪೋರ್ಚುಗೀಸರ ಹಡಗುಪಡೆ ಬಂತು. ಅದರ ಜೊತೆಗೆ ಜೊಹೊರ್‌ ಮತ್ತು ಪಟ್ಟಾನಿಯ ಹಡಗುಗಳೂ ಬಂದವು. ದುಯುಂಗ್ ನದಿಯ ಕಡೆ ಸಿಕ್ಕಿಬಿದ್ದ ಅಚೆಯ ಪಡೆ ಹೆಚ್ಚುಕಡಿಮೆ ಪೂರ್ತಿಯಾಗಿ ನಾಶವಾಯಿತು, 'ಚಕ್ರ ದೋನ್ಯಾ' ಎಂದು ಹೆಸರಾದ ಅದರ ದೊಡ್ಡ ಹಡಗು ಪೋರ್ಚುಗೀಸರ ಕೈಸೇರಿತು. ಮಲಕ್ಕಾ ಅಚೆಯ ಕೈಗೆ ಹೋಗುವುದಕ್ಕಿಂತ ಪೋರ್ಚುಗೀಸರಲ್ಲೇ ಇರುವುದು ಮೇಲು ಎಂದು ಜೊಹೊರ್ ಎಣಿಸಿತ್ತು. ಆ ಲೆಕ್ಕವನ್ನು ದ್ರೋಹವೆಂದು ಕರೆಯಲು ನನಗೆ ಮನಸ್ಸಿಲ್ಲ.

ಡಚ್ಚರೊಂದಿಗೂ ಜೊಹೊರ್ ಹೀಗೆಯೇ ನಡೆದುಕೊಂಡಿತು. 1603ರಲ್ಲಿ ಜೊಹೊರ್ ಕರಾವಳಿಯ ಬಳಿ ಪೋರ್ಚುಗೀಸರ 'ಸಾಂತಾ ಕತರೀನಾ' ಹಡಗನ್ನು ಡಚ್ಚರು ಹಿಡಿದದ್ದು ಜೊಹೊರ್‌ನವರ ಸಹಾಯದಿಂದ. ಅದರಲ್ಲಿದ್ದ ರೇಷ್ಮೆ, ಪಿಂಗಾಣಿ ಮುಂತಾದ ಸರಕು ಆಮ್‌ಸ್ಟರ್‌ಡ್ಯಾಮ್‌ನಲ್ಲಿ 30 ಲಕ್ಷ ಗಿಲ್ಡರುಗಳಿಗೂ ಹೆಚ್ಚಿಗೆ ಹರಾಜಾಯಿತು. 1606ರಲ್ಲಿ ಒಪ್ಪಂದವೂ ಆಯಿತು: ಮಲಕ್ಕಾ ಗೆದ್ದರೆ ಊರು ಡಚ್ಚರಿಗೆ, ಸುತ್ತಲಿನ ನಾಡು ಜೊಹೊರ್‌ಗೆ. ಆ ವರ್ಷದ ಮುತ್ತಿಗೆ ಸೋತಿತು. ಕೊನೆಗೆ 1640ರಲ್ಲಿ ಮತ್ತೆ ಮುತ್ತಿಗೆ ಹಾಕಿದಾಗ ಜೊಹೊರ್ ದೋಣಿಗಳನ್ನೂ ಆಳುಗಳನ್ನೂ ಕೊಟ್ಟಿತು. ಹಸಿವು, ರೋಗಗಳಿಂದ ಸೊರಗಿದ್ದ ಊರು 1641ರ ಜನವರಿ 14ರಂದು ಡಚ್ಚರ ವಶವಾಯಿತು. 1629ರಲ್ಲಿ ಕೋಟೆಯನ್ನು ಉಳಿಸಲು ಬಂದಿದ್ದ ರಾಜ್ಯವೇ 12 ವರ್ಷದೊಳಗೆ ಅದನ್ನು ಕೆಡವಲು ಕೈಜೋಡಿಸಿತು.

ಪ್ರಶ್ನೆ: ಹಾಗಾದರೆ ಅದರಿಂದ ಜೊಹೊರ್‌ಗೆ ಲಾಭವಾಯಿತೇ? ಮಲಕ್ಕಾದ ಕೋಟೆ ಈಗಲೂ ಇದೆಯೇ?
– ಅದೇ ಓದುಗರು

ಉತ್ತರ: ಊರು ಸಿಗದಿದ್ದರೂ ಲಾಭವಾಯಿತು. ಡಚ್ಚರಿಗೆ ಬಟಾವಿಯಾವೇ (ಇಂದಿನ ಜಕಾರ್ತಾ) ಮುಖ್ಯವಾಗಿದ್ದು ಮಲಕ್ಕಾ ಎರಡನೆಯ ದರ್ಜೆಯ ಠಾಣ್ಯವಾದ್ದರಿಂದ ವರ್ತಕರು ಜೊಹೊರ್ ಕಡೆಗೆ ತಿರುಗಿದರು. ಆ ಏಳಿಗೆಯೇ ಮುಂದಿನ ಜಗಳಕ್ಕೆ ದಾರಿಯಾಯಿತು. ಸುಮಾತ್ರಾದ ಜಾಂಬಿಯೊಂದಿಗೆ ಆಗಬೇಕಿದ್ದ ಮದುವೆ ಸಂಬಂಧ ಮುರಿದುಬಿದ್ದು, 1666ರಿಂದ 1679ರವರೆಗೆ ಎರಡೂ ರಾಜ್ಯಗಳು ಕಾದಾಡಿದವು. ಜೊಹೊರ್ ಗೆದ್ದದ್ದು ಸುಲವೇಸಿ ದ್ವೀಪದ ಬುಗಿ ಯೋಧರನ್ನು ಸಂಬಳಕ್ಕೆ ಕರೆಸಿಕೊಂಡು. 1722ರ ಹೊತ್ತಿಗೆ ಬುಗಿಗಳೇ ಅಲ್ಲಿ ಸುಲ್ತಾನನನ್ನು ಕೂರಿಸಿ, ಆಡಳಿತದ ಹಿಡಿತವನ್ನು ತಾವೇ ಇಟ್ಟುಕೊಂಡಿದ್ದರು. 1824ರಲ್ಲಿ ಬ್ರಿಟಿಷರೂ ಡಚ್ಚರೂ ಲಂಡನ್ನಿನಲ್ಲಿ ಮಾಡಿಕೊಂಡ ಒಪ್ಪಂದ ಆ ರಾಜ್ಯವನ್ನು ಜಲಸಂಧಿಯ ನಡುವೆ ಗೆರೆ ಎಳೆದು ಎರಡು ಮಾಡಿತು.

ಕೋಟೆಯ ಬಹುಭಾಗವನ್ನು 1807ರ ಸುಮಾರಿಗೆ ಬ್ರಿಟಿಷರು ಸಿಡಿಸಿಹಾಕಿದರು. ಮಸೀದಿಗಳ, ಹಳೆಯ ಸುಲ್ತಾನರ ಗೋರಿಗಳ ಕಲ್ಲುಗಳನ್ನು ಕಿತ್ತು ಅಲ್ಬುಕರ್ಕ್ ಕಟ್ಟಿಸಿದ ಕೋಟೆಯದು. ಮುಖ್ಯವಾಗಿ ಉಳಿದಿರುವುದು ಸಾಂತಿಯಾಗೊ ಎಂಬ ಹೆಬ್ಬಾಗಿಲು. ಪ್ರವಾಸಿಗರು ಅದನ್ನು ಪೋರ್ಚುಗೀಸರ ಬಾಗಿಲೆಂದು ಚಿತ್ರ ತೆಗೆದುಕೊಳ್ಳುತ್ತಾರೆ. ಅದರ ಹಣೆಯ ಮೇಲೆ ಕೊರೆದಿರುವುದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ ಮತ್ತು 1670 ಎಂಬ ಇಸವಿ.