ಹಳೆ ಆಲ್ಟೋದ ಕ್ಲಚ್ ಪ್ಲೇಟ್ ಮನೆಯಲ್ಲೇ ಬದಲಾಯಿಸಬಹುದಾ?

ಚಡಾವಿನಲ್ಲಿ ಇಂಜಿನ್ ರೇಸ್ ಆಗುತ್ತದೆ, ಕಾರು ಏರುವುದಿಲ್ಲ ಅಂದಿರಿ ಅಲ್ವಾ? ಮೊದಲು ಕ್ಲಚ್ ಕೇಬಲ್ ನೋಡಿ. ಪೆಡಲ್‌ನಲ್ಲಿ ಚೂರೂ ಫ್ರೀ ಪ್ಲೇ, ಅಂದರೆ ಒತ್ತಲು ಶುರುಮಾಡಿದಾಗ ಸಡಿಲವಾಗಿ ಹೋಗುವ ಅಂತರ, ಇಲ್ಲದಿದ್ದರೆ ಇಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಚೆನ್ನಾಗಿದ್ದರೂ ಜಾರುತ್ತದೆ. ಕೇಬಲ್‌ನ ನಟ್ ತಿರುಗಿಸಿ ಸರಿಮಾಡುವಷ್ಟು ಮನೆಯಲ್ಲೇ ಆಗುತ್ತದೆ.

ಪ್ಲೇಟೇ ಸವೆದಿದ್ದರೆ ನಾನಂತೂ ಕೈ ಹಾಕುವುದಿಲ್ಲ. ಗೇರ್ ಆಯಿಲ್ ಖಾಲಿ ಮಾಡಿ, ಚಕ್ರ ತಿರುಗಿಸುವ ಎರಡೂ ಡ್ರೈವ್ ಶಾಫ್ಟ್ ಎಳೆದು, ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಇಳಿಸುವುದು ಹೇಗೋ ಆಗುತ್ತದೆ, ವಾಪಸ್ ಏರಿಸುವಾಗ ಪ್ಲೇಟ್ ಸ್ವಲ್ಪ ಸೆಂಟರ್ ತಪ್ಪಿದ್ದರೂ ಗೇರ್‌ಬಾಕ್ಸಿನ ಶಾಫ್ಟ್ ಅದರೊಳಗೆ ಹೋಗುವುದಿಲ್ಲ, ಅಷ್ಟು ಹೊತ್ತೂ ಆ ಭಾರವನ್ನು ಕೆಳಗೆ ಮಲಗಿದವನೇ ಹಿಡಿದಿರಬೇಕು.

ನಮ್ಮ ಕುಂಬಳೆ ಕಡೆ ಅಂಗಳದಲ್ಲಿ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಅಡಿಗೆ ಇಟ್ಟು ಕಾರು ಎತ್ತಿ ನಿಲ್ಲಿಸುವವರೂ ಇದ್ದಾರೆ. ಅದು ಬೇಡವೇ ಬೇಡ, ಭಾರ ಬಿದ್ದರೆ ಕಲ್ಲು ಸೀಳುತ್ತದೆ. ಗಟ್ಟಿ ನೆಲ, ಎತ್ತಿದ ಕಾರನ್ನು ಹೊರುವ ಜಾಕ್ ಸ್ಟ್ಯಾಂಡ್, ಜೊತೆಗೊಬ್ಬ ಕೆಲಸ ಗೊತ್ತಿದ್ದವನು, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ವರ್ಕ್‌ಶಾಪಿಗೇ ಕೊಡಿ.