ಚಿಂತೆಗೂ ಒಂದು ಹೊತ್ತು ಗೊತ್ತುಮಾಡಿ

ಪ್ರಶ್ನೆ: ಕೆಲಸ ಹೋಗಿ ಎರಡು ತಿಂಗಳಾಯಿತು. ನಡುರಾತ್ರಿ ಎಚ್ಚರವಾದರೆ ಸಾಲದ ಕಂತಿನದೇ ಯೋಚನೆ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ‘ಯೋಚನೆ ಬಿಡಿ’ ಅನ್ನುವ ಉಪದೇಶ ಕೆಲಸಕ್ಕೆ ಬಾರದು, ಒತ್ತಿ ಹಿಡಿದಷ್ಟೂ ಅದು ಮರುಕಳಿಸುತ್ತದೆ. ದಿನಾ ಸಂಜೆ 6ಕ್ಕೆ 20 ನಿಮಿಷ ಚಿಂತೆಗೆಂದೇ ಇಡಿ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಚಿಂತೆ, ಬಲಕ್ಕೆ ನಾಳೆಯೇ ಮಾಡಬಹುದಾದ ಒಂದು ಕೆಲಸ ಬರೆಯಿರಿ: ‘ಬ್ಯಾಂಕಿನಲ್ಲಿ ಸಾಲದ ಅವಧಿ ವಿಸ್ತರಣೆ ಕೇಳುವುದು’. ತೋಚದಿದ್ದರೆ ಖಾಲಿ ಬಿಡಿ. ಹಾಸಿಗೆಯಲ್ಲಿ ಕೂತು ಮಾತ್ರ ಬರೆಯಬೇಡಿ, ಮಲಗುವ ಜಾಗಕ್ಕೇ ಚಿಂತೆ ಅಂಟಿಕೊಳ್ಳುತ್ತದೆ. ರಾತ್ರಿ ನಿದ್ದೆ ಮರಳದಿದ್ದರೆ ಎದ್ದು ಮಂದ ಬೆಳಕಲ್ಲಿ ಕೂರಿ. ಮೊಬೈಲೂ ಬೇಡ, ಗಡಿಯಾರವೂ ಬೇಡ. ಬೆಳಿಗ್ಗೆ ಏಳುವ ಸಮಯ ಬದಲಿಸಬೇಡಿ. ಎರಡು ವಾರವಾದರೂ ಹಗುರಾಗದಿದ್ದರೆ, ಬದುಕೇ ಬೇಡವೆನಿಸಿದರಂತೂ ಆ ಕ್ಷಣವೇ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.