ಉಪ್ಪುನೀರಿನ ಅಕ್ವೇರಿಯಂ ಸಂಪ್‌ಗೆ ಬಯೋ ಬಾಲ್, ಸೆರಾಮಿಕ್ ರಿಂಗ್, ಬ್ಲಾಕ್ ಇವುಗಳಲ್ಲಿ ಯಾವುದು ಒಳ್ಳೆಯದು?

ಸಂಪ್‌ನಲ್ಲಿ (ಟ್ಯಾಂಕಿನ ನೀರು ಸೋಸಲು ಕೆಳಗೆ ಇಡುವ ತೊಟ್ಟಿ) ಇರುವ ಬಯೋ ಬಾಲ್ (ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಹಾಕುವ ಪ್ಲಾಸ್ಟಿಕ್ ಚೆಂಡು) ತೆಗೆದು ರಿಂಗ್ ಇಲ್ಲವೇ ಬ್ಲಾಕ್ ಹಾಕಿದರೆ ನೈಟ್ರೇಟ್ ಇಳಿಯುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಇವತ್ತು ಸಂಪ್‌ನಿಂದ ಏನನ್ನೂ ತೆಗೆಯಬೇಡಿ. ಇದೇ ಯೋಚನೆ ಇಟ್ಟುಕೊಂಡು ನಾನೂ ಸಂಪ್‌ಗೆ ಕೈ ಹಾಕಿದ್ದೆ.

ಟ್ಯಾಂಕಿನ ನೀರು ಇಳಿದು ಬೀಳುವ ಮೊದಲ ಕೋಣೆಯಲ್ಲೇ ನಾನು ಬಲೆ ಚೀಲಗಳಲ್ಲಿ ಸೆರಾಮಿಕ್ ರಿಂಗ್ ತುಂಬಿಟ್ಟಿದ್ದೆ. ಅದಕ್ಕೆ ಮೊದಲು ಕಸ ಹಿಡಿಯಲು ಫಿಲ್ಟರ್ ಸಾಕ್ (ಸೋಸುವ ಬಟ್ಟೆ ಚೀಲ) ಇರಲಿಲ್ಲ, ಫ್ಲಾಸ್ (ಹತ್ತಿಯಂಥ ಸೋಸುವ ಪದರ) ಕೂಡ ಇರಲಿಲ್ಲ. ಮೀನಿನ ಹಿಕ್ಕೆ, ಉಳಿದ ಆಹಾರ, ಪಾಚಿ ಚೂರು ಎಲ್ಲವೂ ಬಂದು ಚೀಲದೊಳಗೇ ಕೂರುತ್ತಿತ್ತು. ನೈಟ್ರೇಟ್ ಏರುತ್ತಲೇ ಹೋಯಿತು. ಯಾರನ್ನು ಕೇಳಿದರೂ ಒಂದೇ ಮಾತು: ಇವೆಲ್ಲ ನೈಟ್ರೇಟ್ ಕಾರ್ಖಾನೆ, ಕಿತ್ತು ಹಾಕು, ಟ್ಯಾಂಕಿನಲ್ಲಿರುವ ಕಲ್ಲು ಸಾಕು. ನಂಬಿದೆ. ಎಲ್ಲ ಚೀಲಗಳನ್ನೂ ಒಂದೇ ಸಲ ಹೊರಗೆ ತೆಗೆದೆ. ನಲ್ಲಿ ನೀರಲ್ಲಿ ಉಜ್ಜಿ ತೊಳೆದೆ. ಬಿಸಿಲಿಗೆ ಹರವಿದೆ.

ಮಾರನೇ ದಿನ ಯೆಲ್ಲೋ ಟ್ಯಾಂಗ್ ಮೀನು ಪಂಪಿನ ನೀರು ಚಿಮ್ಮುವ ಕಡೆ ಮೇಲಕ್ಕೆ ಬಂದು ನಿಂತಿತ್ತು. ಕಿವಿರು ಪಟಪಟ ಬಡಿಯುತ್ತಿತ್ತು, ಊಟ ಹಾಕಿದರೂ ತಿರುಗಲಿಲ್ಲ. ಅಮೋನಿಯಾ ಟೆಸ್ಟ್ ಮಾಡಿದರೆ ಹಳದಿಯಾಗೇ ಉಳಿಯಬೇಕಾದ ನೀರು ಹಸಿರಾಯಿತು. ನೀರು ಬದಲಿಸಿದೆ, ಮತ್ತೆ ಬದಲಿಸಿದೆ. ಕ್ಲೌನ್‌ಫಿಶ್ ಜೋಡಿ ಬದುಕಿತು. ಟ್ಯಾಂಗ್ ಉಳಿಯಲಿಲ್ಲ.

ಯಾಕೆ ಹೀಗಾಯಿತು ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ನಿಂತಿರುವುದು ಸರಿಯಾಗಿ ಅದೇ ಜಾಗದಲ್ಲಿ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೀರಲ್ಲಿ ಸುಮ್ನೆ ತೇಲಿಕೊಂಡಿರುವುದು ಕಡಿಮೆ. ಅವು ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ಆಮ್ಲಜನಕ ಮತ್ತು ಅಮೋನಿಯಾ ಎರಡೂ ಎಲ್ಲಿ ಚೆನ್ನಾಗಿ ಸಿಗುತ್ತದೋ ಅಲ್ಲಿ ಜಾಸ್ತಿ ಸೇರುತ್ತವೆ. ನನ್ನ ವ್ಯವಸ್ಥೆಯಲ್ಲಿ ಆ ಜಾಗ ರಿಂಗ್ ಚೀಲಗಳೇ ಆಗಿದ್ದವು. ಒಟ್ಟು ಬ್ಯಾಕ್ಟೀರಿಯಾ ಎಷ್ಟಿರಬೇಕು ಅಂತ ನಿರ್ಧರಿಸುವುದು ಅವಕ್ಕೆ ಸಿಗುವ ಊಟ, ಅಂದರೆ ಅಮೋನಿಯಾ, ಜಾಗವಲ್ಲ. ರಿಂಗ್‌ಗಳು ಅಷ್ಟು ಕೆಲಸ ಮಾಡುತ್ತಿದ್ದದ್ದರಿಂದ ಕಲ್ಲಿನ ಮೇಲೆ ಉಳಿದ ಪಾಲಿಗೆ ತಕ್ಕಷ್ಟು ಮಾತ್ರ ಬೆಳೆದಿತ್ತು. ಕಲ್ಲಿನಲ್ಲಿ ಜಾಗ ಬೇಕಾದಷ್ಟಿತ್ತು ನಿಜ, ಆದರೆ ಜಾಗ ತುಂಬಲು ಸಮಯ ಬೇಕು. ಈ ಬ್ಯಾಕ್ಟೀರಿಯಾ ಎಲ್ಲ ಸರಿಯಿದ್ದರೂ ದುಪ್ಪಟ್ಟಾಗಲು ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಳ್ಳುತ್ತವೆ. ಅಷ್ಟು ಹೊತ್ತು ಮೀನು ಅಮೋನಿಯಾ ಬಿಡುವುದನ್ನು ನಿಲ್ಲಿಸುವುದಿಲ್ಲ ಅಲ್ವಾ? ಇನ್ನೊಂದು ವಿಷಯ: ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು. ಪಿಎಚ್ 7ರ ನೀರಿಗೆ ಹೋಲಿಸಿದರೆ ಅಲ್ಲಿ ಅಮೋನಿಯಾದ ವಿಷಕಾರಿ ಪಾಲು ಹತ್ತು ಪಟ್ಟಿಗಿಂತ ಜಾಸ್ತಿ. ಸಿಹಿನೀರಿನ ಟ್ಯಾಂಕಿನಲ್ಲಿ ಹೇಗೋ ದಾಟಿಹೋಗುವ ಎಡವಟ್ಟು ಇಲ್ಲಿ ಜೀವ ತೆಗೆಯುತ್ತದೆ. ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದು ಒಣಗಿಸಿದ್ದರಿಂದ ರಿಂಗ್ ವಾಪಸ್ ಹಾಕುವ ದಾರಿಯನ್ನೂ ನಾನೇ ಮುಚ್ಚಿಬಿಟ್ಟಿದ್ದೆ. ಬಕೆಟ್‌ನಲ್ಲಿ ಟ್ಯಾಂಕಿನ ನೀರು ಹಾಕಿ, ಏರ್ ಸ್ಟೋನ್ (ಗಾಳಿ ಗುಳ್ಳೆ ಬಿಡುವ ಕಲ್ಲು) ಬಿಟ್ಟು ಅವನ್ನು ಇಟ್ಟಿದ್ದರೂ ಆ ಟ್ಯಾಂಗ್ ಇವತ್ತು ಇರುತ್ತಿತ್ತು ಅಂತಲೇ ನನ್ನ ನಂಬಿಕೆ.

ಆಮೇಲೆ ಒಣಗಿದ ರಿಂಗ್ ಒಂದನ್ನು ಒಡೆದು ನೋಡಿದೆ. ಕಂದು ಬಣ್ಣ ಇದ್ದದ್ದು ಹೊರಗಿನ ತೆಳು ಅಂಚಿನಲ್ಲಿ ಮಾತ್ರ. ಒಳಗೆಲ್ಲ ಹೊಸದರಂತೆ ಬೆಳ್ಳಗೆ. ಡಬ್ಬಿ ಮೇಲೆ ಬರೆದಿರುವ ಅಷ್ಟೊಂದು ಚದರ ಮೀಟರ್ ಮೇಲ್ಮೈಯ ಲೆಕ್ಕಕ್ಕೆ ನಾನು ಅವತ್ತಿನಿಂದ ಬೆಲೆ ಕೊಟ್ಟಿಲ್ಲ. ನೀರು ಹರಿಯದ ಸಣ್ಣ ರಂಧ್ರದಿಂದ ಅಮೋನಿಯಾವನ್ನು ನೈಟ್ರೇಟ್ ಮಾಡುವ ಕೆಲಸಕ್ಕೆ ಹೆಚ್ಚೇನೂ ಲಾಭವಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಮೀಡಿಯಾ (ಬಾಲ್, ರಿಂಗ್, ಬ್ಲಾಕ್ ಇಂಥವು) ಹಾಕಿದರೂ ನೈಟ್ರೇಟ್ ಬರುವುದು ನೀವು ಹಾಕುವ ಆಹಾರದಿಂದ. ಮೀನು ಬಿಟ್ಟ ಅಮೋನಿಯಾ ರಿಂಗ್ ಮೇಲೆ ನೈಟ್ರೇಟ್ ಆದರೂ ಅಷ್ಟೇ, ಕಲ್ಲಿನ ಮೇಲೆ ಆದರೂ ಅಷ್ಟೇ. ಮೀಡಿಯಾದಲ್ಲಿ ಸಿಕ್ಕಿಕೊಂಡು ಕೊಳೆಯುವ ಕಸವೇ ತೊಂದರೆ. ದೊಡ್ಡ ಬ್ಲಾಕ್‌ನ ನಡುವೆ ಆಮ್ಲಜನಕ ಕಡಿಮೆಯಾಗಿ ಸ್ವಲ್ಪ ನೈಟ್ರೇಟ್ ಸಾರಜನಕವಾಗಿ ಹೊರಹೋಗಬಹುದು, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಒಳ್ಳೆಯ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ), ನೀರು ಬದಲಾವಣೆ, ಜಾಗವಿದ್ದರೆ ಕೀಟೋ ಪಾಚಿ ಬೆಳೆಸುವ ಬೇರೆ ಕೋಣೆ (ರೆಫ್ಯೂಜಿಯಂ), ನೈಟ್ರೇಟ್ ಇಳಿಸುವುದು ಇವು.

ಮೊದಲು ಫ್ಲಾಸ್ ಹಾಕಿ, ಎರಡು ಮೂರು ದಿನಕ್ಕೊಮ್ಮೆ ಬದಲಿಸಿ. ಸೋಸಿದ ನೀರು ಸ್ಕಿಮ್ಮರ್ ದಾಟಿ ಬರುವ ಕಡೆ ಮೀಡಿಯಾ ಇಡಿ. ತಳಕ್ಕೆ ತಾಗದಂತೆ ಜಾಲರಿ ಮೇಲೆ ಎತ್ತಿಡಿ, ಕೆಳಗೆ ಕೂತ ಕಸ ಪೈಪ್ ಹಾಕಿ ಎಳೆಯಲು ಆಗಬೇಕು. ಚೀಲದಲ್ಲಿ ಒತ್ತಿ ತುಂಬಬೇಡಿ. ನನ್ನನ್ನು ಕೇಳಿದರೆ ಕೈಯಲ್ಲಿ ಎತ್ತಿ ಅಲುಗಾಡಿಸಬಹುದಾದ ಕಲ್ಲಿನ ತುಂಡು ಅಥವಾ ಬ್ಲಾಕ್ ರಿಂಗ್‌ಗಿಂತ ವಾಸಿ, ಕಸ ಕೊಡವುವುದು ಸುಲಭ. ಬಯೋ ಬಾಲ್ ಇರುವುದು ಗಾಳಿಯಲ್ಲಿ ನೀರು ತೊಟ್ಟಿಕ್ಕುವ ಗೋಪುರಕ್ಕೆ. ನೀರೊಳಗೆ ಮುಳುಗಿಸಿದರೆ ಅಷ್ಟು ಜಾಗಕ್ಕೆ ಅದರಿಂದ ಸಿಗುವ ಕೆಲಸ ತೀರಾ ಕಡಿಮೆ.

ಬಾಲ್ ತೆಗೆಯಲೇಬೇಕು ಅಂದರೆ ಹೊಸ ಮೀಡಿಯಾವನ್ನು ಹಳೆಯದರ ಪಕ್ಕದಲ್ಲೇ 4ರಿಂದ 6 ವಾರ ಇಡಿ. ಆಮೇಲೆ ಕಾಲು ಭಾಗ ಮಾತ್ರ ತೆಗೆಯಿರಿ, ಎರಡು ವಾರ ಬಿಡಿ, ಅಮೋನಿಯಾ ಸೊನ್ನೆ ಇದ್ದರೆ ಇನ್ನೊಂದು ಕಾಲು ಭಾಗ. ತೊಳೆಯುವುದಾದರೆ ಬದಲಿಸಿ ತೆಗೆದ ಟ್ಯಾಂಕಿನ ನೀರಲ್ಲೇ ಅದ್ದಿ ಅಲ್ಲಾಡಿಸಿ. ಆ ವಾರಗಳಲ್ಲಿ ಆಹಾರ ಸ್ವಲ್ಪ ಕಮ್ಮಿ ಹಾಕಿ, ಹೊಸ ಮೀನು ತರಬೇಡಿ.